ಇಂಜಿನ್ ಅರಚುತ್ತದೆ, ದೋಣಿ ಕದಲುವುದಿಲ್ಲ: ಹಳೆ ಔಟ್‌ಬೋರ್ಡ್ ಮೋಟಾರಿನ ಪ್ರೊಪೆಲ್ಲರ್ ದೋಷ ಹುಡುಕುವ ಕ್ರಮ

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ, ಕಾಸರಗೋಡಿನ ಕುಂಬಳೆ ಹತ್ತಿರ ಶಿರಿಯ ಹೊಳೆಯ ಅಳಿವೆಯಲ್ಲಿ ನಮ್ಮ ದೋಣಿ ಕೈಕೊಟ್ಟಿತು. ಇಂಜಿನ್ ನಿಂತಿರಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿಯೇ ಅರಚುತ್ತಿತ್ತು. ದೋಣಿ ಮಾತ್ರ ಇಳಿತದ ನೀರಿನ ಜೊತೆ ಮೆಲ್ಲಗೆ ಕಡಲಿನ ಕಡೆಗೆ ಹೊರಟಿತ್ತು. ಜೊತೆಗಿದ್ದ ಭಾವ, ‘ಗೇರ್ ಹೋಯ್ತು, ಇನ್ನು ಗುಜರಿಗೆ ಕೊಡುವುದೇ’ ಎಂದರು. ಹುಟ್ಟು ಹಾಕಿ ದಡ ಸೇರಿ, ಹೊಯ್ಗೆಯ (ಮರಳಿನ) ಮೇಲೆ ಕೂತು ಪ್ರೊಪೆಲ್ಲರ್ ಬಿಚ್ಚಿದೆ. ಅಂಗೈಗೆ ಬಿದ್ದದ್ದು ಹಿತ್ತಾಳೆಯ ಎರಡು ಚೂರು. ಮೂರನೆಯದು ಶಾಫ್ಟಿನ ತೂತಿನೊಳಗೇ ಇತ್ತು. ಹೊಸ ಪಿನ್ ಹಾಕಿದ ಮೇಲೆ ಅದೇ ಮೋಟಾರಿನಲ್ಲಿ ಮನೆಗೆ ಬಂದೆವು.

ದೋಣಿಯ ಹಿಂದಿನ ಹಲಗೆಗೆ ಕಚ್ಚಿಸುವ ಇಂಥ ಹಳೆ ಔಟ್‌ಬೋರ್ಡ್ ಮೋಟಾರುಗಳು ನಮ್ಮ ಕಡೆ ಇನ್ನೂ ಕೆಲವು ಉಂಟು. ಗಲ್ಫಿನಲ್ಲಿದ್ದವರು ತಂದದ್ದು, ಮೀನುಗಾರರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಕಂಪನಿಯ ಬಿಡಿಭಾಗ ಸಿಗುವುದೇ ಕಷ್ಟ. ಜಾನ್ಸನ್ ಹೆಸರಿನ ಮೋಟಾರಿನ ತಯಾರಿ 2007ರಲ್ಲೇ ನಿಂತಿತು, ಇವಿನ್‌ರೂಡ್‌ನದ್ದು 2020ರಲ್ಲಿ. ಹಾಗಾಗಿ ಗೇರ್ ಒಮ್ಮೆ ಹೋದರೆ ಹೋಯಿತು. ಆದರೆ ಪ್ರೊಪೆಲ್ಲರಿನ ಸುತ್ತ ಇರುವ ಪಿನ್ನು, ವಾಶರು, ನಟ್ಟು ಯಾವ ಲೇಥ್ ಅಂಗಡಿಯಲ್ಲೂ ಆಗುವಂಥದ್ದು. ದೋಷಗಳಲ್ಲಿ ಬಹುಪಾಲು ಇರುವುದೂ ಅಲ್ಲಿಯೇ.

ಮುಟ್ಟುವ ಮೊದಲು

ಪ್ಲಗ್ಗಿನ ವೈರ್ ಕಳಚಿ. ಎರಡು ಸಿಲಿಂಡರ್ ಇದ್ದರೆ ಎರಡೂ ವೈರ್ ಕಳಚಿ. ‘ಇಂಜಿನ್ ಆಫ್ ಉಂಟಲ್ಲ’ ಎಂದರೆ ಸಾಕಾಗುವುದಿಲ್ಲ. ಹಳೆ ಮೋಟಾರಿಗೆ ಬ್ಯಾಟರಿಯ ಹಂಗಿಲ್ಲ, ತಿರುಗಿದರೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಇರುತ್ತದೆ. ಗೇರಿನಲ್ಲಿ ಇಟ್ಟು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೆ ಮೇಲೆ ಕ್ರ್ಯಾಂಕೂ ತಿರುಗುತ್ತದೆ, ಫ್ಲೈವೀಲೂ ತಿರುಗುತ್ತದೆ. ಸಿಲಿಂಡರಿನಲ್ಲಿ ಸ್ವಲ್ಪ ಪೆಟ್ರೋಲ್ ಆವಿ ಉಳಿದಿದ್ದರೆ ಒಂದು ಕಿಡಿ ಸಾಕು. ಬೆರಳು ಇರುವುದು ರೆಕ್ಕೆಯ ನಡುವೆ.

ನಡುಹೊಳೆಯಲ್ಲಿ ಹಿಂದಕ್ಕೆ ಬಾಗಿ ಕೆಲಸ ಮಾಡಬೇಡಿ. ಮೊದಲು ಲಂಗರು ಹಾಕಿ, ಇಲ್ಲವೇ ಹುಟ್ಟು ಹಾಕಿ ಕುದ್ರುವಿಗೋ (ಹೊಳೆಯ ನಡುಗಡ್ಡೆಗೋ) ದಡಕ್ಕೋ ಹೋಗಿ. ಅಳಿವೆಯ ಹತ್ತಿರ ಇಳಿತದ ಹೊತ್ತಲ್ಲಿ ಕೆಟ್ಟರೆ ರಿಪೇರಿಯ ಯೋಚನೆ ಬಿಟ್ಟು ಲಂಗರಿನ ಯೋಚನೆ ಮಾಡಿ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಸೀಟಿನ ಅಡಿಯಲ್ಲಿ ಅಲ್ಲ. ನೀರಿನ ಮೇಲೆ ಬಿಚ್ಚಲೇಬೇಕಾದರೆ ಕೆಳಗೆ ಒಂದು ಬಲೆಯ ತುಂಡನ್ನೋ ಗೋಣಿಯನ್ನೋ ಹಿಡಿಯಿರಿ. ವಾಶರ್ ನೀರಿಗೆ ಬಿದ್ದರೆ ನಿಮ್ಮ ದಿನ ಅಲ್ಲಿಗೆ ಮುಗಿಯಿತು.

ಇಂಜಿನ್ ಜೋರು, ದೋಣಿ ನಿಂತಲ್ಲೇ

ಇದ್ದಕ್ಕಿದ್ದಂತೆ ಹೀಗಾದರೆ, ಅದಕ್ಕೆ ಒಂದು ಕ್ಷಣ ಮೊದಲು ‘ಟಕ್’ ಎಂದು ಏನೋ ತಾಗಿದ ಹಾಗೆ ಅನ್ನಿಸಿದ್ದರೆ, ಮೊದಲ ಸಂಶಯ ಶಿಯರ್ ಪಿನ್ ಮೇಲೆ. ಪ್ರೊಪೆಲ್ಲರ್ ಕಲ್ಲಿಗೋ ಹೊಯ್ಗೆ ದಿಬ್ಬಕ್ಕೋ ತೇಲುವ ಮರದ ತುಂಡಿಗೋ ಬಡಿದಾಗ ಗೇರ್ ಉಳಿಯಲಿ ಅಂತ ಮುರಿಯಲಿಕ್ಕೆಂದೇ ಇಟ್ಟ ಪಿನ್ ಅದು.

ಬಿಚ್ಚದೆಯೇ ಪರೀಕ್ಷೆ ಮಾಡಬಹುದು. ಪ್ಲಗ್ ವೈರ್ ಕಳಚಿ, ಗೇರ್ ಮುಂದಕ್ಕೆ ಹಾಕಿ. ಪ್ರೊಪೆಲ್ಲರಿನ ತುದಿಯಲ್ಲಿರುವ ಚೂಪು ಮುಚ್ಚಳವನ್ನು, ಅಂದರೆ ಕೋನನ್ನು, ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಪ್ರೊಪೆಲ್ಲರ್ ತಿರುಗಿಸಿ. ಕೋನ್ ಶಾಫ್ಟಿಗೇ ಕೂತಿರುತ್ತದೆ. ಕೋನ್ ನಿಂತಲ್ಲೇ ನಿಂತು ರೆಕ್ಕೆ ಮಾತ್ರ ಸಲೀಸಾಗಿ ತಿರುಗಿದರೆ ಪಿನ್ ಹೋಗಿದೆ. ಕೋನ್, ರೆಕ್ಕೆ ಎರಡೂ ಒಟ್ಟಿಗೆ ಹಗುರಾಗಿ ತಿರುಗಿ, ಮೇಲೆ ಇಂಜಿನ್ ಕದಲದಿದ್ದರೆ ಪಿನ್ ಸರಿ ಉಂಟು, ದೋಷ ಒಳಗಿದೆ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ. ತಿರುಗಿಸುವಾಗ ಇಂಜಿನ್ನಿನ ಬಿಗಿ ಕೈಗೆ ಗೊತ್ತಾದರೆ ಪಿನ್, ಗೇರ್ ಎರಡೂ ಸದ್ಯಕ್ಕೆ ಸರಿ. ಆಗ ಮುಂದಿನ ಭಾಗ ಓದಿ.

ತೀರ ಹಳೆಯ ಕೆಲವು ಸಣ್ಣ ಮೋಟಾರುಗಳಿಗೆ ನ್ಯೂಟ್ರಲ್ಲೇ ಇಲ್ಲ, ಹಗ್ಗ ಎಳೆದ ಕೂಡಲೇ ದೋಣಿ ಹೊರಡುತ್ತದೆ. ಅದರಲ್ಲೂ ಪರೀಕ್ಷೆ ಇದೇ, ಗೇರ್ ಹಾಕುವ ಕೆಲಸ ಒಂದು ಕಡಿಮೆ. ಬ್ರಿಟಿಷ್ ಸೀಗಲ್ ಇದ್ದವರು ಮಾತ್ರ ಪಿನ್ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ಪ್ರೊಪೆಲ್ಲರಿಗೂ ಶಾಫ್ಟಿಗೂ ನಡುವೆ ಒಂದು ದಪ್ಪ ಸುರುಳಿ ಸ್ಪ್ರಿಂಗ್ ಇರುತ್ತದೆ. ಪೆಟ್ಟು ತಾಳುವುದು ಅದೇ.

ಬಿಚ್ಚುವ ಕ್ರಮ ಸುಲಭ. ಕೋನ್ ಅಥವಾ ನಟ್ ಕಳಚದ ಹಾಗೆ ಅಡ್ಡ ಸಿಕ್ಕಿಸಿ ಬಾಲ ಬಗ್ಗಿಸಿದ ಕಾಟರ್ ಪಿನ್ ಇರುತ್ತದೆ, ಅದರ ಬಾಲ ನೇರ ಮಾಡಿ ಎಳೆಯಿರಿ. ಕೋನ್ ಅಥವಾ ನಟ್ ತಿರುಗಿಸಿ ತೆಗೆಯಿರಿ. ಪ್ರೊಪೆಲ್ಲರ್ ತಿರುಗದ ಹಾಗೆ, ರೆಕ್ಕೆಗೂ ಅದರ ಮೇಲಿನ ಅಡ್ಡ ತಟ್ಟೆಗೂ ನಡುವೆ ಒಂದು ಮರದ ತುಂಡು ಸಿಕ್ಕಿಸಿ. ಬಿಚ್ಚಿದ ಒಂದೊಂದನ್ನೂ ಬಂದ ಸಾಲಿನಲ್ಲೇ ಬಟ್ಟೆಯ ಮೇಲೆ ಇಡಿ, ಒಂದು ಫೋಟೋ ತೆಗೆದುಕೊಳ್ಳಿ. ಪ್ರೊಪೆಲ್ಲರ್ ಅರ್ಧ ಬಂದು ಸಿಕ್ಕಿಕೊಂಡರೆ ಎಳೆದಾಡಬೇಡಿ. ತುಂಡಾದ ಪಿನ್ನಿನ ಅಂಚು ಒಳಗೆ ಕೊಕ್ಕೆಯ ಹಾಗೆ ಹಿಡಿದಿರುತ್ತದೆ. ಶಾಫ್ಟಿನ ತೂತು ಪ್ರೊಪೆಲ್ಲರಿನಲ್ಲಿ ಪಿನ್ ಕೂರುವ ಸೀಳಿನ ನೇರಕ್ಕೆ ಬರುವ ತನಕ ಆಚೀಚೆ ತಿರುಗಿಸಿ ನೋಡಿ, ಆಮೇಲೆ ಎಳೆಯಿರಿ.

ಈಗ ಮುರಿದ ಪಿನ್ನನ್ನು ಬೆಳಕಿಗೆ ಹಿಡಿಯಿರಿ. ಮುರಿದ ಮುಖ ಇಡೀ ಹೊಸದಾಗಿ ಹೊಳೆಯುತ್ತಿದ್ದರೆ ಒಂದೇ ಪೆಟ್ಟಿಗೆ ಹೋದದ್ದು. ಹೊಸ ಪಿನ್ ಹಾಕಿ, ಹೊರಡಿ. ಮುಖದ ಅರ್ಧ ಕಪ್ಪಾಗಿ, ಅರ್ಧ ಮಾತ್ರ ಹೊಳೆಯುತ್ತಿದ್ದರೆ ಅದು ಬಹಳ ದಿನದಿಂದ ಸವೆಯುತ್ತಾ ಬಂದು ಈಗ ಕೈಬಿಟ್ಟದ್ದು. ಪಿನ್ನಿನ ಮೈಮೇಲೆ ಮೆಟ್ಟಿಲಿನ ಹಾಗೆ ತಗ್ಗು ಬಿದ್ದಿದ್ದರೂ ಅದೇ ಅರ್ಥ. ಎಲ್ಲೋ ಸಡಿಲ ಉಂಟು.

ಹೊಸ ಪಿನ್ ಎಂಥದ್ದು ಹಾಕಬೇಕು?

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೋಟಾರು ಹಾಳಾಗುವುದು ಪಿನ್ ಮುರಿದಾಗ ಅಲ್ಲ, ಅದರ ಜಾಗಕ್ಕೆ ಸಿಕ್ಕಿದ್ದನ್ನು ಹಾಕಿದಾಗ.

ಮೊದಲು ಪ್ರೊಪೆಲ್ಲರಿನ ನಡುವಿನ ತೂತನ್ನು ನೋಡಿ. ಒಳಗಿನ ಬುಶ್‌ಗೂ (ಶಾಫ್ಟಿಗೆ ಕೂರುವ ಲೋಹದ ಕೊಳವೆ) ಹೊರಗಿನ ಅಲ್ಯೂಮಿನಿಯಮ್ಮಿಗೂ ನಡುವೆ ಕಪ್ಪು ರಬ್ಬರಿನ ಬಳೆ ಕಾಣುತ್ತದೆಯೇ? ಕಾಣದಿದ್ದರೆ ಇಡೀ ಪ್ರೊಪೆಲ್ಲರ್ ಒಂದೇ ಗಟ್ಟಿ. ಪೆಟ್ಟು ತಾಳುವುದು ಪಿನ್ ಒಂದೇ, ಅದು ಮೆತ್ತಗಿರಬೇಕು. ರಬ್ಬರ್ ಕಂಡರೆ ಪೆಟ್ಟು ತಾಳುವುದು ರಬ್ಬರ್. ಅಂಥದ್ದರಲ್ಲಿ ಪಿನ್ನಿನ ಕೆಲಸ ಎಳೆಯುವುದಷ್ಟೇ. ಹಾಗಾಗಿ ಅನೇಕ ಮೋಟಾರುಗಳಲ್ಲಿ ಕಂಪನಿಯೇ ಗಟ್ಟಿ ಸ್ಟೇನ್‌ಲೆಸ್ ಪಿನ್ ಕೊಟ್ಟಿರುತ್ತದೆ. ಅದಕ್ಕೆ ಡ್ರೈವ್ ಪಿನ್ ಎನ್ನುತ್ತಾರೆ. ಅಲ್ಲಿ ಹಿತ್ತಾಳೆ ಹಾಕಿದರೆ ವಾರಕ್ಕೊಮ್ಮೆ ಮುರಿಯುತ್ತದೆ, ಶಿಯರ್ ಪಿನ್ ಇರುವಲ್ಲಿ ಸ್ಟೇನ್‌ಲೆಸ್ ಹಾಕಿದರೆ ಗೇರ್ ಮುರಿಯುತ್ತದೆ.

ಮ್ಯಾಗ್ನೆಟ್ ಹಿಡಿದು ನೋಡುವವರಿದ್ದಾರೆ. ಅದನ್ನು ನಂಬಬೇಡಿ. ಹಿತ್ತಾಳೆಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಸುಮಾರು ಸ್ಟೇನ್‌ಲೆಸ್‌ಗೂ ಅಂಟುವುದಿಲ್ಲ. ಅರದಿಂದ ಒಂದು ಎಳೆ ಉಜ್ಜಿ ನೋಡಿ. ಹಳದಿ ಕಂಡರೆ, ಅರಕ್ಕೆ ಮೆತ್ತಗೆ ಸಿಕ್ಕಿದರೆ ಹಿತ್ತಾಳೆ.

ಅಳತೆಯದ್ದು ಇನ್ನೊಂದು ರಗಳೆ. ಹಳೆ ಅಮೆರಿಕನ್ ಮೋಟಾರುಗಳು ಇಂಚಿನ ಲೆಕ್ಕದವು. 3/16 ಇಂಚಿನ ಪಿನ್ ಅಂದರೆ 4.76 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವುದು 5 ಮಿಲಿಮೀಟರಿನ ಹಿತ್ತಾಳೆ ಸಲಾಕೆ. ಅದು ತೂತಿಗೆ ಹೋಗುವುದಿಲ್ಲ. 4.5 ಸುಲಭವಾಗಿ ಹೋಗುತ್ತದೆ, ಕೈಯಲ್ಲಿ ಹಿಡಿದರೆ ವ್ಯತ್ಯಾಸವೂ ತಿಳಿಯುವುದಿಲ್ಲ. ಆದರೆ ಓಡುವಾಗ ಆ ಕೂದಲೆಳೆಯಷ್ಟು ಸಡಿಲದಲ್ಲಿ ಪಿನ್ ಕುಟ್ಟುತ್ತಲೇ ಇರುತ್ತದೆ, ಶಾಫ್ಟಿನ ದುಂಡು ತೂತು ಮೊಟ್ಟೆಯಾಕಾರವಾಗುತ್ತದೆ. 5ರ ಸಲಾಕೆಯನ್ನೇ ತೆಗೆದುಕೊಂಡು ಹೋಗಿ ಲೇಥಿನವರಲ್ಲಿ ಕೊಡಿ, ಹಳೆ ಪಿನ್ನಿನ ಚೂರನ್ನೂ ಕೊಡಿ. ಒಂದು ಸಲ ಮಾಡಿಸುವಾಗ ಹತ್ತು ಮಾಡಿಸಿ. ಉದ್ದವೂ ಸರಿ ಇರಲಿ. ಜಾಸ್ತಿ ಉದ್ದವಾದರೆ ಕೋನ್ ಕೂರುವುದಿಲ್ಲ.

ಮೊಳೆ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕತ್ತಲಾಗುತ್ತಿದೆ, ದಡ ಸೇರಲೇಬೇಕು ಅಂತಾದರೆ ಸಾದಾ ಮೆತ್ತಗಿನ ಕಬ್ಬಿಣದ ಮೊಳೆ ಹಾಕಿ ನಡಿಗೆಯ ವೇಗದಲ್ಲಿ ಬನ್ನಿ. ಕಾಂಕ್ರೀಟಿಗೆ ಹೊಡೆಯುವ ಮೊಳೆ ಬೇಡ, ಅದು ಗಟ್ಟಿ ಉಕ್ಕು. ಡ್ರಿಲ್ ಬಿಟ್ಟಿನ ತುಂಡು, ವೆಲ್ಡಿಂಗ್ ರಾಡು ಯಾವುದೂ ಬೇಡ. ಮನೆಗೆ ಬಂದ ಕೂಡಲೇ ಮೊಳೆ ತೆಗೆಯಿರಿ. ‘ನಾಳೆ ತೆಗೆದರಾಯಿತು’ ಅಂತ ಬಿಟ್ಟರೆ ಅದು ಅಲ್ಲೇ ಉಪ್ಪುನೀರಿಗೆ ತುಕ್ಕು ಹಿಡಿದು ಶಾಫ್ಟಿನೊಳಗೆ ಕಚ್ಚಿಕೊಳ್ಳುತ್ತದೆ. ನಾನು ಒಮ್ಮೆ ಬಿಟ್ಟಿದ್ದೆ. ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು.

ಮೆಲ್ಲ ಹೋದರೆ ಸರಿ, ಥ್ರಾಟಲ್ ಕೊಟ್ಟರೆ ಜಾರುತ್ತದೆ

ಇದಕ್ಕೆ ಎರಡು ಕಾರಣ. ಒಂದಕ್ಕೆ ಖರ್ಚಿಲ್ಲ, ಇನ್ನೊಂದಕ್ಕೆ ಉಂಟು. ಖರ್ಚಿಲ್ಲದ್ದನ್ನು ಮೊದಲು ನೋಡಿ.

ಮೋಟಾರ್ ಎತ್ತಿ ರೆಕ್ಕೆ ನೋಡಿ. ಪ್ಲಾಸ್ಟಿಕ್ ಚೀಲ, ಬಲೆ ಚೂರು, ತೆಂಗಿನ ನಾರು ಸುತ್ತಿಕೊಂಡಿದ್ದರೆ ಪ್ರೊಪೆಲ್ಲರ್ ನೀರನ್ನು ಹಿಡಿಯುವುದಿಲ್ಲ. ಮೋಟಾರನ್ನು ವಾರಗಟ್ಟಲೆ ಉಪ್ಪುನೀರಿನಲ್ಲೇ ಇಳಿಬಿಟ್ಟಿದ್ದರೆ ರೆಕ್ಕೆಯ ಮೇಲೆ ಚಿಪ್ಪು ಬೆಳೆದಿರುತ್ತದೆ. ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ.

ಆಮೇಲೆ ಎತ್ತರ. ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಒಂದಿಂಚು ಕೆಳಗೆ ಇರಬೇಕು. ಅದಕ್ಕಿಂತ ಮೇಲಿದ್ದರೆ ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಂಡು ನೊರೆಯಲ್ಲಿ ಸುಮ್ನೆ ತಿರುಗುತ್ತದೆ. ಹಿಂದಿನ ಹಲಗೆ ಕೊಳೆತು ಹೊಸ ಹಲಗೆ ಹಾಕಿಸಿದ ಮೇಲೆ ಈ ತೊಂದರೆ ಶುರುವಾಯಿತು ಅಂದರೆ ಬೇರೆ ಕಾರಣ ಹುಡುಕಬೇಡಿ. ಬಡಗಿ ಎರಡಿಂಚು ಎತ್ತರ ಮಾಡಿರುತ್ತಾನೆ. ಶಾರ್ಟ್ ಶಾಫ್ಟ್ ಮೋಟಾರಿಗೆ ಹಲಗೆಯ ಎತ್ತರ ಸುಮಾರು 15 ಇಂಚು, ಲಾಂಗ್ ಶಾಫ್ಟಿಗೆ 20. ಇಬ್ಬರು ದಢೂತಿಗಳು ಮೂತಿಯ ಕಡೆ ಕೂತರೂ ಹಿಂಭಾಗ ಎದ್ದು ಹೀಗೇ ಆಗುತ್ತದೆ. ಅವರನ್ನು ಹಿಂದಕ್ಕೆ ಕೂರಿಸಿ ನೋಡಿ.

ಗಾಳಿ ಎಳೆಯುವುದಾದರೆ ತಿರುವಿನಲ್ಲಿ, ಅಲೆಯಲ್ಲಿ ಜಾಸ್ತಿ. ಥ್ರಾಟಲ್ ಇಳಿಸಿದ ಕೂಡಲೇ ಮತ್ತೆ ಹಿಡಿತ ಬರುತ್ತದೆ. ನೇರ ಹೋಗುವಾಗಲೂ, ನೀರು ಕನ್ನಡಿಯ ಹಾಗೆ ಇದ್ದಾಗಲೂ, ಪ್ರತಿ ಸಲ ಒಂದೇ ಮಟ್ಟದ ಥ್ರಾಟಲಿಗೆ ಜಾರಿದರೆ ಸಂಶಯ ರಬ್ಬರ್ ಹಬ್ ಮೇಲೆ, ಅಂದರೆ ಆಗ ಹೇಳಿದ ರಬ್ಬರ್ ಬಳೆಯಿರುವ ಪ್ರೊಪೆಲ್ಲರಿನ ನಡುಭಾಗದ ಮೇಲೆ. ಐವತ್ತು ವರ್ಷದ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ಕೈಯಲ್ಲಿ ತಿರುಗಿಸಿದರೆ ಬಿಗಿಯಾಗಿಯೇ ಇರುತ್ತದೆ, ಭಾರ ಬಿದ್ದಾಗ ಮಾತ್ರ ಜಾರುತ್ತದೆ. ಅದಕ್ಕೇ ಜನ ಮೋಸ ಹೋಗುವುದು.

ಇದಕ್ಕೊಂದು ಹಳೆ ಪರೀಕ್ಷೆ ಉಂಟು. ಪ್ರೊಪೆಲ್ಲರ್ ಬಿಚ್ಚಿ ಒರೆಸಿ, ಒಳಗಿನ ಬುಶ್‌ನಿಂದ ರಬ್ಬರ್ ದಾಟಿ ಹೊರಗಿನ ಲೋಹದ ತನಕ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಣಗಲಿ. ಮತ್ತೆ ಹಾಕಿ, ಎರಡು ಸಲ ಚೆನ್ನಾಗಿ ಥ್ರಾಟಲ್ ಕೊಟ್ಟು ಬನ್ನಿ. ಬಿಚ್ಚಿ ನೋಡಿ. ಗೆರೆ ನೇರ ಉಳಿದಿದ್ದರೆ ಹಬ್ ಸರಿ. ಒಳಗಿನ ಗೆರೆ ಒಂದು ಕಡೆ, ಹೊರಗಿನದ್ದು ಇನ್ನೊಂದು ಕಡೆ ಇದ್ದರೆ ರಬ್ಬರ್ ಮುಗಿದಿದೆ. ಅಂಥ ಪ್ರೊಪೆಲ್ಲರಿನಲ್ಲಿ ಮೆಲ್ಲಗೆ ಮನೆಗೆ ಬರಬಹುದು, ಅಳಿವೆ ದಾಟಿ ಕಡಲಿಗೆ ಹೋಗಬಾರದು.

ಹಬ್ಬಿಗೆ ಅಡ್ಡ ತೂತು ಕೊರೆದು ಬೋಲ್ಟ್ ಹೊಡೆಯುವ ಉಪಾಯ ಕೆಲವರು ಹೇಳುತ್ತಾರೆ. ದೋಣಿ ಓಡುತ್ತದೆ, ಹೌದು. ಆದರೆ ಗಟ್ಟಿ ಡ್ರೈವ್ ಪಿನ್ನೂ ಉಂಟು, ಬೋಲ್ಟೂ ಉಂಟು ಅಂತಾದರೆ ಮುರಿಯಲಿಕ್ಕೆ ಉಳಿದದ್ದು ಗೇರ್ ಒಂದೇ ಅಲ್ವಾ? ಹಬ್ ಹೊಸದಾಗಿ ಒತ್ತಿಸಿ, ಇಲ್ಲವೇ ಬೇರೆ ಪ್ರೊಪೆಲ್ಲರ್ ಹುಡುಕಿ. ನಾನು ಮೊದಲು ವಿಚಾರಿಸುವುದು ಮಂಗಳೂರಿನ ಬಂದರು ಕಡೆ.

ದೋಣಿಯ ಹಿಂಭಾಗ ನಡುಗುತ್ತದೆ

ಟಿಲ್ಲರ್ (ಮೋಟಾರ್ ತಿರುಗಿಸುವ ಹಿಡಿ) ಹಿಡಿದ ಕೈ ಮರಗಟ್ಟುವಷ್ಟು ನಡುಕವಿದ್ದರೆ ಮೊದಲು ಮೋಟಾರನ್ನು ಹಲಗೆಗೆ ಕಚ್ಚಿಸುವ ಸ್ಕ್ರೂ ಬಿಗಿ ಇದೆಯೇ ನೋಡಿ. ನಗಬೇಡಿ, ನನ್ನದು ಒಮ್ಮೆ ಅದೇ ಆಗಿತ್ತು.

ಅದು ಸರಿಯಿದ್ದರೆ ರೆಕ್ಕೆ ಡೊಂಕಾಗಿದೆಯೇ ನೋಡಿ. ಒಂದು ಕಡ್ಡಿಯನ್ನು ಗೇರ್ ಬಾಕ್ಸಿಗೆ ಟೇಪಿನಲ್ಲಿ ಕಟ್ಟಿ, ಅದರ ತುದಿ ಒಂದು ರೆಕ್ಕೆಯ ಅಂಚಿಗೆ ತಾಗಿಯೂ ತಾಗದ ಹಾಗೆ ಇಡಿ. ನ್ಯೂಟ್ರಲ್‌ಗೆ ಹಾಕಿ ನಿಧಾನ ತಿರುಗಿಸಿ. ಪ್ರತಿ ರೆಕ್ಕೆಯೂ ಅಷ್ಟೇ ದೂರದಲ್ಲಿ ಹಾದು ಹೋಗಬೇಕು. ಒಂದು ಮಾತ್ರ ದೂರ ಹೋದರೆ ಅದೇ ಡೊಂಕು. ಅಂಚಿನ ಸಣ್ಣ ಕಚ್ಚುಗಳನ್ನು ಅರದಿಂದ ನಯ ಮಾಡಬಹುದು. ಬುಡದಲ್ಲಿ ಕೂದಲಿನಷ್ಟು ಬಿರುಕು ಕಂಡರೂ ಆ ಪ್ರೊಪೆಲ್ಲರ್ ಬೇಡ.

ರೆಕ್ಕೆ ಸರಿ ಇದ್ದೂ ನಡುಕ ಹೋಗದಿದ್ದರೆ ಪ್ರೊಪೆಲ್ಲರ್ ತೆಗೆದು ಬರಿ ಶಾಫ್ಟ್ ತಿರುಗಿಸಿ, ತುದಿಯನ್ನೇ ನೋಡಿ. ತುದಿ ಒಂದೇ ಬಿಂದುವಿನಲ್ಲಿ ತಿರುಗಬೇಕು. ಕಣ್ಣಿಗೆ ಕಾಣುವಷ್ಟು ವಾಲಾಡಿದರೆ ಶಾಫ್ಟ್ ಬಾಗಿದೆ. ಅಲ್ಲಿಗೆ ನಿಲ್ಲಿಸಿ. ಸುತ್ತಿಗೆಯಲ್ಲಿ ನೇರ ಮಾಡುವ ಕೆಲಸ ಅಲ್ಲ ಅದು. ಹಾಗೇ ಓಡಿಸಿದರೆ ಶಾಫ್ಟಿನ ಸುತ್ತ ನೀರು ತಡೆಯುವ ಸೀಲ್ ಹರಿದು ಗೇರ್ ಬಾಕ್ಸಿನ ಒಳಗೆ ನೀರು ಹೋಗುತ್ತದೆ.

ಪಿನ್ ಹಾಕಿದಷ್ಟೂ ಮುರಿಯುತ್ತದೆ

ಯಾವುದಕ್ಕೂ ಬಡಿಯದೆ ಪಿನ್ ಹೋಗುತ್ತಿದ್ದರೆ ಪಿನ್ನಿನ ತಪ್ಪಲ್ಲ. ಪ್ರೊಪೆಲ್ಲರಿನ ಹಿಂದೆ, ಗೇರ್ ಬಾಕ್ಸಿನ ಕಡೆಗೆ ಥ್ರಸ್ಟ್ ವಾಶರ್ ಇರಬೇಕಾದ ಮಾಡೆಲ್‌ಗಳಲ್ಲಿ ಅದು ಇದೆಯೇ ನೋಡಿ. ಹಿಂದಿನ ಮಾಲೀಕ ಬಿಚ್ಚಿದಾಗ ಹೊಳೆಗೆ ಬಿದ್ದು ಹೋಗಿರುವುದು ಸಾಮಾನ್ಯ. ಅದಿಲ್ಲದಿದ್ದರೆ ಪ್ರೊಪೆಲ್ಲರಿನ ಹೆಗಲು ಗೇರ್ ಬಾಕ್ಸಿಗೆ ಉಜ್ಜುತ್ತದೆ. ಉಜ್ಜಿದ ಜಾಗದಲ್ಲಿ ಬಳೆಯ ಹಾಗೆ ಹೊಳೆಯುವ ಗುರುತು ಕಾಣುತ್ತದೆ. ಪ್ರೊಪೆಲ್ಲರ್ ಹಿಂದೆ ಮುಂದೆ ಅಲುಗಾಡಿದರೆ ಕೋನ್ ಸಡಿಲ, ಇಲ್ಲವೇ ವಾಶರ್ ತೆಳು. ಇವೆಲ್ಲ ಸರಿಯಿದ್ದರೆ ತೂತು ಮೊಟ್ಟೆಯಾಗಿದೆಯೇ ಅಂತ ಹೊಸ ಪಿನ್ ತೂರಿಸಿ ಅಲುಗಿಸಿ ನೋಡಿ.

ಇನ್ನೊಂದು ಕಾರಣ ಓಡಿಸುವವರ ಕೈ. ಜೋರು ಥ್ರಾಟಲಿನಲ್ಲೇ ರಿವರ್ಸ್ ಹಾಕುವವರ ಪಿನ್ ನಿಲ್ಲುವುದಿಲ್ಲ.

ಪ್ರೊಪೆಲ್ಲರ್ ಬಿಚ್ಚಲಿಕ್ಕೇ ಬರುವುದಿಲ್ಲ

ಹಿತ್ತಾಳೆ, ಉಕ್ಕು, ಅಲ್ಯೂಮಿನಿಯಮ್ ಮೂರೂ ಉಪ್ಪುನೀರಿನಲ್ಲಿ ಒಟ್ಟಿಗೆ ಇದ್ದರೆ ಅಲ್ಯೂಮಿನಿಯಮ್ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಉಬ್ಬಿ ಸಿಮೆಂಟಿನ ಹಾಗೆ ಹಿಡಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಕುದಿಯುವ ನೀರು ಹಬ್ಬಿನ ಮೇಲೆ ನಿಧಾನ ಸುರಿದು, ಮರದ ತುಂಡು ಇಟ್ಟು ಸುತ್ತಲೂ ತಟ್ಟಿ. ಮತ್ತೆ ಎಣ್ಣೆ, ಮತ್ತೆ ರಾತ್ರಿ. ಮೂರು ದಿನ ಆದರೂ ಆಗಲಿ. ಎರಡು ಸ್ಕ್ರೂಡ್ರೈವರ್ ಸಿಕ್ಕಿಸಿ ಮೀಟಿದರೆ ಗೇರ್ ಬಾಕ್ಸಿನ ಅಂಚು ಒಡೆಯುತ್ತದೆ. ಬೆಂಕಿ ಬೇಡವೇ ಬೇಡ. ಹಬ್ಬಿನ ರಬ್ಬರ್ ಸುಡುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ.

ಗೇರ್ ಎಣ್ಣೆ ಹಾಲುಚಹಾದ ಬಣ್ಣಕ್ಕೆ ತಿರುಗಿದೆ

ಪಡನ್ನ, ವಲಿಯಪರಂಬದ ಹಿನ್ನೀರಿನಲ್ಲಿ ಓಡಾಡುವವರು ಇದನ್ನು ಆಗಾಗ ನೋಡಬೇಕು. ಅಲ್ಲಿ ಕಲ್ಲುಮ್ಮಕಾಯಿ ಎಂಬ ತಿನ್ನುವ ಚಿಪ್ಪುಜೀವಿ ಬೆಳೆಸಲು ಹಗ್ಗಗಳನ್ನು ಇಳಿಬಿಟ್ಟಿರುತ್ತಾರೆ. ಹಗ್ಗದ ನೂಲಾಗಲಿ, ಗಾಳದ ನೈಲಾನ್ ದಾರವಾಗಲಿ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಅದು ಶಾಫ್ಟಿಗೆ ಬಿಗಿದು, ಬಿಸಿಯಾಗಿ, ಸೀಲಿನ ತುಟಿಯನ್ನು ಕೊಯ್ಯುತ್ತದೆ. ಪ್ರೊಪೆಲ್ಲರ್ ಬಿಚ್ಚಿದಾಗೆಲ್ಲ ವಾಶರಿನ ಹಿಂದೆ ಬೆರಳು ಹಾಕಿ ನೋಡಿ. ಕಂಡರೆ ಬ್ಲೇಡಿನಿಂದ ಕೊಯ್ಯಬೇಡಿ, ತುದಿ ಹುಡುಕಿ ಉಲ್ಟಾ ಸುತ್ತಿ ತೆಗೆಯಿರಿ.

ಒಂದು ರಾತ್ರಿ ಮೋಟಾರನ್ನು ನೇರ ನಿಲ್ಲಿಸಿ, ಬೆಳಿಗ್ಗೆ ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲ ಮಾಡಿ. ನೀರು ತಳಕ್ಕೆ ಇಳಿದಿದ್ದರೆ ಮೊದಲು ನೀರೇ ಬರುತ್ತದೆ. ಎಣ್ಣೆ ಹಾಲುಚಹಾದ ಹಾಗೆ ಬಂದರೂ ನೀರು ಸೇರಿದೆ ಎಂದೇ ಲೆಕ್ಕ. ಮೊದಲು ಸ್ಕ್ರೂವಿನ ವಾಶರ್ ಬದಲಿಸಿ ನೋಡಿ, ಹತ್ತಿಪ್ಪತ್ತು ರೂಪಾಯಿಯ ಮಾತು. ಹೊಸ ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬಿಸಿ, ಮೇಲಿನ ತೂತಿನಲ್ಲಿ ಹೊರಬರುವ ತನಕ. ಮೇಲಿನಿಂದ ಹಾಕಿದರೆ ಗಾಳಿ ಒಳಗೆ ಉಳಿಯುತ್ತದೆ. ನಾಲ್ಕು ಗಂಟೆ ಓಡಿಸಿ ಮತ್ತೆ ನೋಡಿ. ಮತ್ತೂ ಬೆಳ್ಳಗಾದರೆ ಸೀಲ್ ಹೋಗಿದೆ. ಸೀಲ್ ಬದಲಿಸಲು ಗೇರ್ ಬಾಕ್ಸ್ ತೆರೆಯಬೇಕು, ಬಿಗಿ ಕೂತದ್ದನ್ನು ಎಳೆದು ತೆಗೆಯುವ ಪುಲ್ಲರ್ ಬೇಕು. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕೊಡಿ.

ಗೇರ್ ಬಿದ್ದರೂ ಎಳೆಯುವುದಿಲ್ಲ, ಕಟಕಟ ಶಬ್ದ

ಪಿನ್ ಸರಿ, ಹಬ್ ಸರಿ, ಆದರೂ ಕೋನ್ ಸಮೇತ ಎಲ್ಲ ಹಗುರಾಗಿ ತಿರುಗುತ್ತದೆ ಅಂದರೆ ಮೊದಲು ಗೇರ್ ಲಿವರಿನ ಸರಳು ನೋಡಿ. ಅದರ ಕೊಂಡಿ ಕಳಚಿದ್ದರೆ ಲಿವರ್ ಆಚೀಚೆ ಹೋಗುತ್ತದೆ, ಒಳಗೆ ಗೇರ್ ಬೀಳುವುದೇ ಇಲ್ಲ. ಇದನ್ನು ನೀವೇ ಸರಿ ಮಾಡಬಹುದು. ಸರಳು ಸರಿಯಿದ್ದು, ಥ್ರಾಟಲ್ ಕೊಟ್ಟಾಗ ಕಟಕಟ ಎಂದು ಗೇರ್ ಹಾರಿ ಹಾರಿ ಬಿಡುತ್ತಿದ್ದರೆ ಒಳಗೆ ಗೇರಿಗೂ ಶಾಫ್ಟಿಗೂ ಕಚ್ಚಿಸುವ ಹಲ್ಲಿನ ತುಂಡಿನ, ಅಂದರೆ ಕ್ಲಚ್ ಡಾಗ್‌ನ, ಮೂಲೆಗಳು ಸವೆದಿವೆ. ತೆಗೆದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಬೂದಿಯಂಥ ನುಣ್ಣಗಿನ ಪುಡಿ ಹಳೆ ಮೋಟಾರಿನಲ್ಲಿ ಇದ್ದದ್ದೇ. ಉಗುರಿಗೆ ಸಿಕ್ಕುವ ಚೂರು ಇದ್ದರೆ ಆ ಮೋಟಾರನ್ನು ಮತ್ತೆ ನೀರಿಗೆ ಇಳಿಸಬೇಡಿ. ಇನ್ನೊಂದು ಗಂಟೆ ಓಡಿಸಿದರೆ ಉಳಿದ ಗೇರೂ ಹೋಗುತ್ತದೆ. ಬಿಚ್ಚಿಸುವಾಗ ಹಳೆ ಚೂರುಗಳನ್ನು ಎಸೆಯದೆ ಇಟ್ಟುಕೊಳ್ಳಿ. ಬದಲಿ ಗೇರ್ ಹುಡುಕುವಾಗ ಹಲ್ಲು ಎಣಿಸಲು ಅದೇ ಬೇಕು.

ತಿರುಗಿ ಜೋಡಿಸುವಾಗ ಶಾಫ್ಟಿಗೆ ಮರೈನ್ ಗ್ರೀಸ್ ಧಾರಾಳ ಹಚ್ಚಿ. ಕಾಟರ್ ಪಿನ್ ಪ್ರತಿ ಸಲವೂ ಹೊಸದು ಹಾಕಿ, ಹಿತ್ತಾಳೆಯದ್ದು ಅಥವಾ ಸ್ಟೇನ್‌ಲೆಸ್. ಹಳೆಯದನ್ನು ನೇರ ಮಾಡಿ ಮತ್ತೆ ಬಗ್ಗಿಸಿದರೆ ಬಾಲ ಅಲ್ಲೇ ತುಂಡಾಗುತ್ತದೆ. ಪಿನ್ನು, ಕಾಟರ್ ಪಿನ್ನು, ಒಂದು ವಾಶರು, ಒಂದು ಇಕ್ಕಳ ಇಷ್ಟನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ದಾರದಲ್ಲಿ ದೋಣಿಗೇ ಕಟ್ಟಿ. ಕೆಲವು ಹಳೆ ಮೋಟಾರುಗಳ ಮುಚ್ಚಳದ ಒಳಗೆ ಬದಲಿ ಪಿನ್ ಸಿಕ್ಕಿಸಲು ಕಂಪನಿಯೇ ಕ್ಲಿಪ್ ಕೊಟ್ಟಿರುತ್ತದೆ. ನಮ್ಮದರಲ್ಲೂ ಉಂಟು ಅಂತ ಆ ಸಂಜೆ ಮುಚ್ಚಳ ತೆಗೆದಾಗಲೇ ಗೊತ್ತಾದದ್ದು. ಯಾವ ಕಾಲದಲ್ಲೋ ಯಾರೋ ಇಟ್ಟ ಎರಡು ಪಿನ್ ಗ್ರೀಸ್ ಮೆತ್ತಿಕೊಂಡು ಅಲ್ಲೇ ಕೂತಿದ್ದವು.